ಬೋರಲು ಹಾಕಿಟ್ಟ ಫೋನು ಓದಿಗೆ ಅಡ್ಡಬರುತ್ತದೆಯೇ?

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದಲೆಂದು ಧಾರವಾಡದಲ್ಲಿ ರೂಮು ಮಾಡಿಕೊಂಡು ಎರಡು ವರ್ಷವಾಯಿತು. ದಿನಕ್ಕೆ ಎಂಟು ಗಂಟೆ ಸಪ್ತಾಪುರದ ಒಂದು ರೀಡಿಂಗ್ ರೂಮಿನಲ್ಲಿ ಕೂರುತ್ತೇನೆ. ಫೋನನ್ನು ಸೈಲೆಂಟ್ ಮಾಡಿ, ಬೋರಲು ಹಾಕಿ, ಪುಸ್ತಕದ ಪಕ್ಕದಲ್ಲೇ ಇಡುತ್ತೇನೆ. ಮುಟ್ಟುವುದು ಕಡಿಮೆ. ಆದರೂ ಒಂದು ಪುಟ ಮುಗಿಸುವಷ್ಟರಲ್ಲಿ ಮೇಲೆ ಏನಿತ್ತು ಎಂಬುದೇ ಮರೆತಿರುತ್ತದೆ. ಫೋನು ಪಕ್ಕದಲ್ಲಿದ್ದರೇ ಬುದ್ಧಿ ಮಂಕಾಗುತ್ತದೆ ಎಂದು ಗೆಳೆಯನೊಬ್ಬ ವಿಡಿಯೊ ಕಳಿಸಿದ. ಅದೆಲ್ಲ ಸುಳ್ಳೆಂದು ಆಮೇಲೆ ಸಾಬೀತಾಗಿದೆ ಎಂದು ರೂಮ್‌ಮೇಟ್ ಹೇಳುತ್ತಾನೆ. ಯಾವುದು ನಿಜ? ನೋಟ್ಸೆಲ್ಲ ಫೋನಿನಲ್ಲೇ ಇವೆ. ರಾತ್ರಿ ಅವ್ವ ಫೋನ್ ಮಾಡುತ್ತಾಳೆ. ಫೋನು ಬಿಟ್ಟು ಹೋಗುವುದಾದರೂ ಹೇಗೆ? ನನ್ನ ತಲೆಯೇ ಕೆಟ್ಟುಹೋಗಿದೆಯೇ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಉತ್ತರಿಸುತ್ತೇನೆ. ಆ ಭಯ ಹೊತ್ತುಕೊಂಡು ನೀವು ಉಳಿದದ್ದನ್ನು ಓದುವುದು ಬೇಡ. ನಿಮ್ಮ ತಲೆ ಕೆಟ್ಟಿಲ್ಲ. ಕಣ್ಣು ಸಾಲಿನ ಮೇಲೆ ಓಡುತ್ತಿದ್ದಾಗ ಮನಸ್ಸು ಅರ್ಧ ಬೇರೆ ಕಡೆ ಇತ್ತು. ಪುಟ ಮುಗಿಸಿದಾಗ ಮೇಲಿನದು ಮರೆಯುವುದು ಅದರಿಂದ. ಅದು ಸರಿಹೋಗುತ್ತದೆ, ಹಲವು ವಿದ್ಯಾರ್ಥಿಗಳಲ್ಲಿ ಸರಿಹೋದದ್ದನ್ನು ನಾನು ಕಂಡಿದ್ದೇನೆ.

ಫೋನಿನ ವಿಚಾರಕ್ಕೆ ನನ್ನ ಸಲಹೆ ಇಷ್ಟು: ನಾಳೆಯಿಂದ ಅದನ್ನು ರೀಡಿಂಗ್ ರೂಮಿನೊಳಗೆ ತರಬೇಡಿ. ಆದರೆ ಗೆಳೆಯ ಕಳಿಸಿದ ವಿಡಿಯೊವನ್ನು ನಂಬಿ ಹಾಗೆ ಮಾಡಿ ಎನ್ನುತ್ತಿಲ್ಲ. ಕಾರಣವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾರಣ ತಿಳಿಯದೆ ಹಿಡಿದ ಇಂಥ ನಿಯಮ ಒಂದು ವಾರವೂ ಬಾಳುವುದಿಲ್ಲ.

ಆ ವಿಡಿಯೊದ ಹಿಂದಿರುವುದು ಬಹುಶಃ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ. ‘ಬ್ರೈನ್ ಡ್ರೇನ್’ ಎಂಬ ಹೆಸರಿನಲ್ಲಿ ಅದು ಊರೂರು ಸುತ್ತಿದೆ. ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಬೇಕು, ನೀವು ಇಡುವ ಹಾಗೆಯೇ. ಎರಡನೆಯವರದು ಜೇಬಿನಲ್ಲೋ ಬ್ಯಾಗಿನಲ್ಲೋ ಎಂದಿನ ಜಾಗದಲ್ಲಿರಬಹುದು. ಮೂರನೆಯವರು ಸಾಮಾನೆಲ್ಲ ಹೊರಗಿನ ಕೋಣೆಯಲ್ಲೇ ಬಿಟ್ಟು ಬರಬೇಕು. ಎಲ್ಲರ ಫೋನೂ ಪೂರ್ತಿ ಸೈಲೆಂಟ್, ವೈಬ್ರೇಶನ್ ಕೂಡ ಇಲ್ಲ. ಆಮೇಲೆ ಪರೀಕ್ಷೆ.

ಎಂಥ ಪರೀಕ್ಷೆ ಎಂಬುದನ್ನು ನೀವೇ ಒಮ್ಮೆ ಮಾಡಿ ನೋಡಿ. ಕೆಳಗಿನ ಸಾಲುಗಳನ್ನು ಒಂದೊಂದಾಗಿ ಓದಿ. ಲೆಕ್ಕ ಸರಿಯೋ ತಪ್ಪೋ ಹೇಳಿ, ಪಕ್ಕದ ಅಕ್ಷರವನ್ನು ನೆನಪಿಟ್ಟುಕೊಳ್ಳಿ. ಹಿಂದಿರುಗಿ ನೋಡುವಂತಿಲ್ಲ.

(9 ÷ 3) + 4 = 7. ಅಕ್ಷರ: ಮ
(6 × 2) − 5 = 8. ಅಕ್ಷರ: ಟ
(8 ÷ 4) + 9 = 11. ಅಕ್ಷರ: ಗ
(5 × 3) − 6 = 9. ಅಕ್ಷರ: ಳ

ಈಗ ಕಣ್ಣು ಮುಚ್ಚಿ ನಾಲ್ಕೂ ಅಕ್ಷರಗಳನ್ನು ಬಂದ ಕ್ರಮದಲ್ಲೇ ಹೇಳಿ. ಎರಡನೆಯ ಲೆಕ್ಕ ತಪ್ಪೆಂದು ಗುರುತಿಸಿದಿರಾ? ಗುರುತಿಸುವ ಹೊತ್ತಿಗೆ ‘ಮ’ ಸ್ವಲ್ಪ ಜಾರಿದಂತಾಯಿತೇ? ಅದನ್ನು ಹಿಡಿದುಕೊಳ್ಳಲು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಿರಬೇಕು. ಆ ಹಿಡಿದುಕೊಳ್ಳುವ ಕೆಲಸ ಮಾಡುವುದೇ ವರ್ಕಿಂಗ್ ಮೆಮೊರಿ. ನಾನು ತರಗತಿಯಲ್ಲಿ ಅದನ್ನು ತಲೆಯೊಳಗಿನ ಪಾಟಿ ಎನ್ನುತ್ತೇನೆ. ಬಹಳ ಪುಟ್ಟ ಪಾಟಿ ಅದು. ಏಳು ಸಂಗತಿ ಹಿಡಿಯುತ್ತದೆ ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಹೇಳಿದ್ದರು, ನಾಲ್ಕರ ಆಸುಪಾಸು ಎನ್ನುವುದು ಈಗಿನ ಅಂದಾಜು. ಹೊಸದು ಬರೆಯಬೇಕಾದರೆ ಹಳೆಯದನ್ನು ಒರೆಸಬೇಕು.

ನಿಮ್ಮ ಓದಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದುವಂತಿಲ್ಲ ಎಂದಿತು 1967ರ ಗೋಲಕನಾಥ್ ತೀರ್ಪು. ತಿದ್ದಬಹುದು ಎಂದು 1971ರ 24ನೇ ತಿದ್ದುಪಡಿ ಅಧಿಕಾರ ಕೊಟ್ಟಿತು. ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಎಂದಿತು 1973ರ ಕೇಶವಾನಂದ ಭಾರತಿ ತೀರ್ಪು. ಮೂರನೆಯದು ಅರ್ಥವಾಗಬೇಕಾದರೆ ಅದನ್ನು ಓದುವಾಗ ಮೊದಲಿನ ಎರಡೂ ಪಾಟಿಯ ಮೇಲೆ ಇನ್ನೂ ಇರಬೇಕು. ಅಳಿಸಿಹೋಗಿದ್ದರೆ ಕೇಶವಾನಂದ ಭಾರತಿ ಬರೀ ಒಂದು ಹೆಸರು ಮತ್ತು ಇಸವಿಯಾಗಿ ಉಳಿಯುತ್ತದೆ. ಪುಟ ಮುಗಿದಾಗ ಮೇಲಿನದು ಮರೆತಿರುತ್ತದೆ ಎಂದು ನೀವು ಬರೆದಿರಲ್ಲ, ನಡೆಯುತ್ತಿರುವುದು ಇದೇ.

ವಾರ್ಡ್ ಅವರ ಪ್ರಯೋಗದಲ್ಲಿ ಫೋನು ಹೊರಗಿಟ್ಟವರ ಅಂಕ ಎಲ್ಲಕ್ಕಿಂತ ಹೆಚ್ಚು ಬಂತು, ಮೇಜಿನ ಮೇಲಿಟ್ಟವರದು ಎಲ್ಲಕ್ಕಿಂತ ಕಡಿಮೆ. ಜೇಬು, ಬ್ಯಾಗಿನವರು ನಡುವೆ. ಎರಡನೆಯ ಪ್ರಯೋಗದಲ್ಲಿ ಕೆಲವರ ಫೋನನ್ನು ಪೂರ್ತಿ ಆಫ್ ಮಾಡಿಸಿದರು. ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಫೋನಿಲ್ಲದೆ ದಿನ ಕಳೆಯುವುದೇ ಕಷ್ಟ ಎನ್ನುವವರಲ್ಲಿ ಪರಿಣಾಮ ಹೆಚ್ಚಾಗಿತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಫೋನು ಎಲ್ಲಿತ್ತು ಎಂಬುದು ನಿಮ್ಮ ಪರೀಕ್ಷೆಯ ಮೇಲೆ ಪರಿಣಾಮ ಬೀರಿತೇ ಎಂದು ಕೊನೆಯಲ್ಲಿ ಕೇಳಿದಾಗ ಬಹುಪಾಲು ಜನ ‘ಏನೂ ಇಲ್ಲ’ ಎಂದರು. ಮೇಜಿನ ಮೇಲಿಟ್ಟವರೂ ಹಾಗೆಯೇ ಅಂದರು.

ಸುಮ್ಮನೆ ಬಿದ್ದಿರುವ ವಸ್ತು ಹೀಗೇಕೆ ಮಾಡೀತು? ಎಂಟು ಜನರ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನವನ್ನು ನಮ್ಮಲ್ಲಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಶತಾವಧಾನಿ ಗಣೇಶರ ಅವಧಾನವನ್ನೋ ಬೇರೆ ಯಾರದ್ದನ್ನೋ ನೀವೂ ಯೂಟ್ಯೂಬಿನಲ್ಲಾದರೂ ನೋಡಿರಬಹುದು. ನಿಷೇಧಾಕ್ಷರಿಯವರು ಅಕ್ಷರಕ್ಕೊಂದು ತಡೆ ಹಾಕುತ್ತಿರುತ್ತಾರೆ, ಸಮಸ್ಯಾಪೂರಣದವರು ಕೊನೆಯ ಸಾಲು ಕೊಟ್ಟು ಕೂತಿರುತ್ತಾರೆ, ದತ್ತಪದಿಯವರ ಪದಗಳು ಪದ್ಯದಲ್ಲಿ ಸೇರಬೇಕು. ಒಂದು ಸುತ್ತಿಗೆ ಒಂದೊಂದೇ ಪಾದ. ಹಿಂದಿನ ಪಾದಗಳೆಲ್ಲ ಅವಧಾನಿಯ ತಲೆಯಲ್ಲೇ ನಿಂತಿರಬೇಕು. ಇದರ ನಡುವೆ ಅಪ್ರಸ್ತುತ ಪ್ರಸಂಗಿ ಯಾವಾಗ ಬೇಕಾದರೂ ಬಾಯಿ ಹಾಕಬಹುದು. ಅವರ ಕೆಲಸವೇ ಗಮನ ಕೆಡಿಸುವುದು. ಅವರು ಐದು ನಿಮಿಷ ಸುಮ್ಮನೆ ಕೂತರೂ ಅವಧಾನಿಯ ಪಾಲಿಗೆ ಅವರು ಇದ್ದೇ ಇರುತ್ತಾರೆ. ಈಗ ಕೇಳಿಯಾರು, ಈಗ ಕೇಳಿಯಾರು ಎಂಬ ಎಚ್ಚರಕ್ಕೂ ಮನಸ್ಸಿನ ಒಂದು ಪಾಲು ಹೋಗುತ್ತದೆ. ಬೋರಲು ಬಿದ್ದ ಫೋನು ಇಂಥ ಪ್ರಸಂಗಿ. ಅವಧಾನಿಗಳಿಗೆ ವರ್ಷಗಟ್ಟಲೆಯ ಸಾಧನೆಯಿದೆ. ನಾವು ಓದಲು ಕೂತಾಗ ಆ ಪ್ರಸಂಗಿಯನ್ನು ನಾವೇ ಕರೆದು ಕೂರಿಸಿಕೊಳ್ಳುತ್ತೇವೆ.

ಮನೋವಿಜ್ಞಾನದಲ್ಲಿ ಇದಕ್ಕೆ ಹಳೆಯ ಆಧಾರವಿದೆ. 1959ರಲ್ಲಿ ನೆವಿಲ್ ಮೊರೆ ಎಂಬ ಸಂಶೋಧಕರು ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿದರು. ಒಂದು ಕಿವಿಯದನ್ನಷ್ಟೇ ಗಮನಿಸಿ ಎಂದಿದ್ದರು. ಬಿಟ್ಟ ಕಿವಿಯ ಮಾತು ಯಾರ ತಲೆಗೂ ಹೋಗಲಿಲ್ಲ, ಆದರೆ ಅದರಲ್ಲಿ ತಮ್ಮ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಗೊತ್ತಾಯಿತು. ಜಾತ್ರೆಯ ಗದ್ದಲದಲ್ಲಿ ಯಾರೋ ನಮ್ಮ ಹೆಸರು ಕೂಗಿದರೆ ತಿರುಗುತ್ತೇವಲ್ಲ, ಹಾಗೆ. ನಮಗೆ ಬೇಕಾದದ್ದರ ಕಡೆಗೆ ಗಮನ ನಮ್ಮನ್ನು ಕೇಳದೆಯೇ ಹೊರಡುತ್ತದೆ. ಗೆಳೆಯರು, ಮನೆ, ಕ್ರಿಕೆಟ್ ಸ್ಕೋರು, ಕೆಪಿಎಸ್‌ಸಿ ಅಧಿಸೂಚನೆ ಬಂತೋ ಇಲ್ಲವೋ ಎಂಬ ಆತಂಕ, ನಿಮಗೆ ಬೇಕಾದದ್ದೆಲ್ಲ ಆ ಒಂದು ಅಂಗೈಯಗಲದ ವಸ್ತುವಿನೊಳಗಿದೆ. ಅದು ಕಣ್ಣಳತೆಯಲ್ಲಿದ್ದಾಗ ಅದರ ಕಡೆ ಹೋಗದಂತೆ ಮನಸ್ಸನ್ನು ತಡೆಯುವುದೂ ಒಂದು ಕೆಲಸ. ಆ ಕೆಲಸಕ್ಕೂ ಅದೇ ಪಾಟಿ ಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮ ರೂಮ್‌ಮೇಟ್ ಪರವಾಗಿಯೂ ನಾನು ಮಾತಾಡಬೇಕು. ಅವರ ಮಾತಿನಲ್ಲಿ ಹುರುಳಿದೆ. ವಾರ್ಡ್ ಅವರ ಎರಡನೆಯ ಪ್ರಯೋಗವನ್ನು ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರುಯಿಜ್ ಪಾರ್ಡೊ ಮತ್ತು ಮಿಂಡಾ ಮತ್ತೆ ಮಾಡಿ 2022ರಲ್ಲಿ ಪ್ರಕಟಿಸಿದರು. ಅವರಿಗೆ ಆ ಪರಿಣಾಮ ಕಾಣಲಿಲ್ಲ. ಬೇರೆ ಕೆಲವರಿಗೂ ಕಾಣಲಿಲ್ಲ. ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯದವರಿಗೆ 2023ರಲ್ಲಿ ಕಂಡಿತು, ಆದರೆ ಅವರು ನೋಡಿದ್ದು 42 ಜನರನ್ನು ಮಾತ್ರ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರೂ ಇದ್ದಾರೆ. ಜರ್ಮನಿಯದೇ ಆಗ್ಸ್‌ಬರ್ಗ್ ವಿಶ್ವವಿದ್ಯಾಲಯದವರು 22 ಅಧ್ಯಯನಗಳನ್ನು ಕೂಡಿಸಿ, ಪರಿಣಾಮ ಇದೆ, ಸಣ್ಣದು ಎಂದರು. ದಕ್ಷಿಣ ಆಫ್ರಿಕಾದ ಡಗ್ಲಸ್ ಪ್ಯಾರಿ ಇನ್ನೂ ಬಿಗಿಯಾಗಿ ಜರಡಿ ಹಿಡಿದು, ವರ್ಕಿಂಗ್ ಮೆಮೊರಿಯೊಂದರಲ್ಲಿ ಮಾತ್ರ ಸಣ್ಣ ಪರಿಣಾಮ ಉಳಿಯುತ್ತದೆ ಎಂದರು.

ಹಾಗಾಗಿ ‘ಬುದ್ಧಿ ಮಂಕಾಗುತ್ತದೆ’ ಎಂಬ ಮಾತು ಅತಿಯಾಯಿತು. ‘ಎಲ್ಲ ಸುಳ್ಳು’ ಎಂಬುದೂ ಅತಿಯೇ. ಸುಮ್ಮನೆ ಬಿದ್ದಿರುವ ಫೋನಿನಿಂದ ಆಗುವ ನಷ್ಟ ಸಣ್ಣದು. ಆಗುವುದು ಹೆಚ್ಚಾಗಿ ಪಾಟಿ ತುಂಬಿದಾಗ. ಅಮೆರಿಕದ ಸದರ್ನ್ ಮೇನ್ ವಿಶ್ವವಿದ್ಯಾಲಯದವರು 2014ರಲ್ಲೇ ಇಂಥದ್ದೊಂದನ್ನು ಕಂಡಿದ್ದರು. ಮೇಜಿನ ಮೇಲೆ ಒಮ್ಮೆ ಫೋನು, ಒಮ್ಮೆ ಅದೇ ಗಾತ್ರದ ನೋಟ್‌ಬುಕ್ಕು ಮರೆತು ಬಿಟ್ಟಂತೆ ಇಟ್ಟರು. ಸುಲಭದ ಕೆಲಸದಲ್ಲಿ ವ್ಯತ್ಯಾಸ ಬರಲಿಲ್ಲ, ಕಷ್ಟದ ಕೆಲಸದಲ್ಲಿ ಬಂತು. ನೋಟ್ಸನ್ನು ಕಾಪಿ ಮಾಡುವಾಗ ಫೋನು ಪಕ್ಕದಲ್ಲಿದ್ದರೆ ನಿಮಗೆ ಏನೂ ಆಗದಿರಬಹುದು. ಆರ್ಥಿಕ ಸಮೀಕ್ಷೆಯ ಅಧ್ಯಾಯವೊಂದನ್ನು ಮೊದಲ ಸಲ ಅರ್ಥ ಮಾಡಿಕೊಳ್ಳುವಾಗ ಆಗಬಹುದು.

ಇಷ್ಟು ಸಣ್ಣದಕ್ಕೆ ಫೋನನ್ನು ಹೊರಗೇಕೆ ಇಡಬೇಕು? ನನ್ನ ನಿಜವಾದ ಕಾರಣ ಇಲ್ಲಿಂದ ಶುರುವಾಗುತ್ತದೆ.

ನೀವು ಬರೆದ ಪತ್ರದಲ್ಲಿ ಎರಡೇ ಎರಡು ಪದಗಳ ಹತ್ತಿರ ನಾನು ನಿಂತೆ: ‘ಮುಟ್ಟುವುದು ಕಡಿಮೆ’. ಎಷ್ಟು ಸಲ ಎಂದು ಎಂದಾದರೂ ಎಣಿಸಿದ್ದೀರಾ? ಒಂದು ದಿನ ಪುಸ್ತಕದ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು, ಕೈ ಫೋನಿಗೆ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ. ಹೋಗಬೇಕೆನಿಸಿ ಹೋಗದೆ ಉಳಿದರೂ ಒಂದು ಗೆರೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಮಾಡಿಸುತ್ತೇನೆ. ಗೆರೆಗಳ ಲೆಕ್ಕಕ್ಕಿಂತ ಗೆರೆ ಬಿದ್ದ ಜಾಗ ಮುಖ್ಯ. ಒಮ್ಮೆ ಒಬ್ಬಳ ಪಕ್ಕದಲ್ಲೇ ಕೂತು ನೋಡಿದೆ. ಸುಲಭದ ಪ್ಯಾರಾ ಓದುವಾಗ ಎಡಗೈ ಪುಟದ ಅಂಚಿನಲ್ಲೇ ಇತ್ತು. ಉದ್ದನೆಯ, ಮೂರು ‘ಆದಾಗ್ಯೂ’ ಇರುವ ವಾಕ್ಯ ಬಂತು. ಕಣ್ಣು ಅಲ್ಲೇ ನಿಂತು ಎರಡು ಸಲ ಹಿಂದೆ ಹೋಯಿತು. ಆಗ ಬೆರಳು ಮೇಜಿನ ಮೇಲೆ ಸರಿದು ಫೋನಿನ ಅಂಚು ಮುಟ್ಟಿತು. ಎತ್ತಲಿಲ್ಲ, ಬರೀ ಮುಟ್ಟಿ ಸ್ವಲ್ಪ ತಿರುಗಿಸಿ ಇಟ್ಟಳು. ಫೋನು ಕರೆದಿರಲಿಲ್ಲ. ವಾಕ್ಯ ಕಷ್ಟವಾಗಿತ್ತು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಮ್ಯಾಕ್ಸಿ ಹೈಟ್‌ಮಾಯರ್ ಮತ್ತು ಸಾದಿ ಲಾಲು ಜನರ ಮೇಲೆ ಪುಟ್ಟ ಕ್ಯಾಮೆರಾ ಕಟ್ಟಿಸಿ ಇದನ್ನೇ ನೋಡಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಫೋನು ಎತ್ತಿಕೊಂಡ ಸಂದರ್ಭಗಳಲ್ಲಿ ನೋಟಿಫಿಕೇಶನ್ ಬಂದು ಎತ್ತಿದ್ದು ಶೇ. 11 ಮಾತ್ರ. ಉಳಿದ ಶೇ. 89ರಲ್ಲಿ ಅವರೇ ತಾವಾಗಿ ಎತ್ತಿದ್ದರು. ಸೈಲೆಂಟ್ ಮಾಡಿದರೆ ಸಾಕೆಂದುಕೊಂಡಿದ್ದೀರಲ್ಲ, ಸೈಲೆಂಟ್ ಮಾಡುವುದರಿಂದ ನಿಲ್ಲುವುದು ಆ ಹನ್ನೊಂದು ಪಾಲು. ಎಂಬತ್ತೊಂಬತ್ತು ಪಾಲು ನಿಮ್ಮೊಳಗಿನಿಂದ ಬರುತ್ತದೆ. ಬರುವುದು ಓದು ಕಷ್ಟವಾದ ಗಳಿಗೆಯಲ್ಲಿ, ಅಂದರೆ ಕಲಿಕೆ ನಿಜವಾಗಿ ಆಗಬೇಕಾದ ಗಳಿಗೆಯಲ್ಲೇ. ಕಷ್ಟದ ವಾಕ್ಯದ ಮುಂದೆ ಅರ್ಧ ನಿಮಿಷ ಕೂರುವ ತಾಳ್ಮೆಯೇ ನಿಮ್ಮ ಪರೀಕ್ಷೆಯ ಬಂಡವಾಳ. ಕೈಯಳತೆಯಲ್ಲಿರುವ ಫೋನು ಆ ಅರ್ಧ ನಿಮಿಷವನ್ನು ತಿನ್ನುತ್ತದೆ. ನನಗೆ ಅದರ ಮೇಲಿರುವ ದೊಡ್ಡ ತಕರಾರು ಇದು. ಬೋರಲು ಬಿದ್ದ ಫೋನು ಬುದ್ಧಿಯನ್ನು ಹೀರುತ್ತದೆಯೋ ಇಲ್ಲವೋ ಎಂಬ ವಾದ ಇನ್ನೂ ಹತ್ತು ವರ್ಷ ನಡೆಯಲಿ.

ಎತ್ತಿ ನೋಡಿ ಇಟ್ಟ ಮೇಲೂ ಲೆಕ್ಕ ಮುಗಿಯುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಹಿಂದಿನದರ ಜಿಡ್ಡು ಮನಸ್ಸಿನಲ್ಲಿ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಗ್ರೂಪಿನಲ್ಲಿ ಯಾರೋ ಹಾಕಿದ ‘ಕಟ್‌ಆಫ್ ಎಷ್ಟಾಗಬಹುದು’ ಎಂಬ ಒಂದು ಸಾಲು ನೋಡಿ ಫೋನು ಇಟ್ಟರೂ ಮುಂದಿನ ಎರಡು ಪುಟ ನೀವು ಓದುವುದು ಕಟ್‌ಆಫ್ ಯೋಚನೆಯಲ್ಲೇ.

ನೋಡದೆ ಬಿಟ್ಟರೆ? ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಅದನ್ನೂ ಪರೀಕ್ಷಿಸಿದರು. ಪರದೆಯ ಮೇಲೆ ಅಂಕಿಗಳು ಒಂದರ ಹಿಂದೆ ಒಂದು ಬರುತ್ತವೆ, ಪ್ರತಿಯೊಂದಕ್ಕೂ ಬಟನ್ ಒತ್ತಬೇಕು, 3 ಬಂದಾಗ ಮಾತ್ರ ಒತ್ತಬಾರದು. ನಡುವೆ ಕೆಲವರ ಫೋನಿಗೆ ಅವರಿಗೆ ಗೊತ್ತಿಲ್ಲದಂತೆ ಕರೆ ಅಥವಾ ಮೆಸೇಜು ಕಳಿಸಿದರು. ಅವರು ಫೋನು ತೆಗೆಯಲಿಲ್ಲ. ಆದರೂ ತಪ್ಪುಗಳು ಏರಿದವು, ಫೋನು ಬಳಸುತ್ತ ಕೆಲಸ ಮಾಡುವವರು ಮಾಡುವಷ್ಟರ ಮಟ್ಟಿಗೆ. ಜೇಬಿನಲ್ಲಿ ಸಣ್ಣಗೆ ಗುಂಯ್ ಎಂದ ಸದ್ದು ‘ಯಾರಿರಬಹುದು’ ಎಂಬ ಪ್ರಶ್ನೆಯನ್ನು ಒಳಗೆ ಎಸೆದು ಹೋಗುತ್ತದೆ. ವೈಬ್ರೇಶನ್ ಕೂಡ ಇರಕೂಡದು ಎನ್ನುವುದು ಇದಕ್ಕೇ.

ಫೋನನ್ನು ಎಲ್ಲಿಡಬೇಕು ಎಂಬಲ್ಲಿ ಒಂದು ಎಚ್ಚರ ಬೇಕು. ಪಕ್ಕದ ಮೇಜಿನ ಮೇಲಿಟ್ಟು, ರಿಂಗಾಗುವುದು ಕಿವಿಗೆ ಬೀಳುತ್ತ ಎತ್ತಲಾಗದೆ ಕೂತರೆ ಸ್ಥಿತಿ ಇನ್ನೂ ಕೆಡುತ್ತದೆ. ಮಿಸೌರಿ ವಿಶ್ವವಿದ್ಯಾಲಯದವರು 2015ರಲ್ಲಿ 40 ಜನರ ಐಫೋನನ್ನು ಅವರಿಂದ ದೂರವಿಟ್ಟು, ಅವರು ಅಕ್ಷರಗಳ ನಡುವೆ ಪದ ಹುಡುಕುವ ಒಗಟು ಬಿಡಿಸುತ್ತಿರುವಾಗ ರಿಂಗ್ ಮಾಡಿದರು. ಹೃದಯದ ಬಡಿತ, ರಕ್ತದೊತ್ತಡ ಎರಡೂ ಏರಿದವು. ಪದ ಹುಡುಕುವುದು ಕೆಟ್ಟಿತು. ಆದ್ದರಿಂದ ದೂರವಿಡುವುದಾದರೆ ಕಣ್ಣಿಗೂ ಕಿವಿಗೂ ಸಿಗದಷ್ಟು ದೂರ ಇಡಿ. ರೀಡಿಂಗ್ ರೂಮಿನ ಲಾಕರ್ ಆಗಬಹುದು, ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ರೂಮು. ಮೊದಲ ನಾಲ್ಕೈದು ದಿನ ಚಡಪಡಿಕೆ ಆಗುತ್ತದೆ, ಖಾಲಿ ಜೇಬಿನಲ್ಲಿ ಫೋನು ಅದುರಿದಂತೆಯೂ ಅನಿಸಬಹುದು. ಹೆದರಬೇಡಿ, ಕಾಲೇಜು ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ಅಂಥ ಭ್ರಮೆಯಾಗುತ್ತದೆ.

ಈಗ ನೋಟ್ಸ್ ಮತ್ತು ಅವ್ವನ ಕರೆ. ನಿಮ್ಮ ಪತ್ರದಲ್ಲಿ ಅತ್ಯಂತ ನ್ಯಾಯವಾದ ತೊಡಕು ಇದೇ. ಫೋನು ಬಿಡಿ ಎನ್ನುವವರು ಇದನ್ನು ಕೇಳಿಸಿಕೊಳ್ಳದೆ ಉಪದೇಶ ಮಾಡುತ್ತಾರೆ. ನೆರವಿಗೆ ಬರುವ ಒಂದು ಹೊಸ ಅಧ್ಯಯನವಿದೆ. ನೋವಾ ಕಾಸ್ಟೆಲೊ ಮತ್ತು ಸಂಗಡಿಗರು (ಮೇಲೆ ಹೇಳಿದ ವಾರ್ಡ್ ಇದರಲ್ಲೂ ಇದ್ದಾರೆ) 2025ರಲ್ಲಿ ಪ್ರಕಟಿಸಿದ್ದು. ಅಮೆರಿಕ, ಕೆನಡಾದ 467 ಜನ, ಎರಡು ವಾರ. ಫೋನನ್ನು ಕಸಿದುಕೊಳ್ಳಲಿಲ್ಲ, ಅದರೊಳಗಿನ ಇಂಟರ್‌ನೆಟ್ ಮಾತ್ರ ಬಂದ್. ಕರೆ ಮಾಡಬಹುದು, ಎಸ್‌ಎಂಎಸ್ ಕಳಿಸಬಹುದು. ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಬಳಸಲು ಅಡ್ಡಿಯಿಲ್ಲ. ದಿನಕ್ಕೆ ಸರಾಸರಿ 314 ನಿಮಿಷ ಇದ್ದ ಫೋನ್ ಬಳಕೆ 161ಕ್ಕೆ ಇಳಿಯಿತು. ಗಮನ ಹಿಡಿದಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಆದ ಸುಧಾರಣೆಯನ್ನು ಅವರು ಹತ್ತು ವರ್ಷ ಕಿರಿಯರಾದದ್ದಕ್ಕೆ ಹೋಲಿಸಿದರು. ನಿದ್ರೆ ಹೆಚ್ಚಿತು, ಮನಸ್ಸು ಹಗುರಾಯಿತು. ಇದರಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ನಿಯಮವನ್ನು ಹೆಚ್ಚಿನ ದಿನಗಳಲ್ಲಿ ಪಾಲಿಸಿದವರು ಸುಮಾರು ಕಾಲು ಪಾಲು ಜನ ಮಾತ್ರ. ನಿಮಗೆ ಕಷ್ಟವಾದರೆ ಅದು ನಿಮ್ಮೊಬ್ಬರ ದೌರ್ಬಲ್ಯವಲ್ಲ.

ಇದನ್ನು ನಮ್ಮಲ್ಲಿ ಮಾಡುವ ಸುಲಭ ದಾರಿ ಕೀಪ್ಯಾಡ್ ಫೋನು. ಸಾವಿರದೈನೂರು ರೂಪಾಯಿಯೊಳಗೆ ಸಿಗುತ್ತದೆ. ಸಿಮ್ ಅದರೊಳಗಿರಲಿ, ರೀಡಿಂಗ್ ರೂಮಿಗೆ ಅದು ಬರಲಿ, ಸ್ಮಾರ್ಟ್‌ಫೋನು ರೂಮಿನಲ್ಲಿ ವೈಫೈ ಮೇಲೆ ಇರಲಿ. ಓಟಿಪಿ ಕೂಡ ಕೀಪ್ಯಾಡ್ ಫೋನಿಗೇ ಬರುತ್ತದೆ. ನೋಟ್ಸಿಗೆ ಝೆರಾಕ್ಸ್ ಅಂಗಡಿ ಇದೆ. ವಾರಕ್ಕೆ ಬೇಕಾದ ಪಿಡಿಎಫ್‌ಗಳನ್ನು ಭಾನುವಾರ ಪ್ರಿಂಟ್ ತೆಗೆಸಿ. ಖರ್ಚು ಎನಿಸಬಹುದು, ಆದರೆ ಎರಡು ವರ್ಷದ ರೂಮು ಬಾಡಿಗೆ, ಮೆಸ್ಸಿನ ಬಿಲ್ಲು ಹಾಕಿ ನೋಡಿದರೆ ಇದು ಸಣ್ಣ ಖರ್ಚು. ಪ್ರಚಲಿತ ವಿದ್ಯಮಾನಕ್ಕೆ ಪತ್ರಿಕೆ ಹಿಡಿಯಿರಿ. ಯೂಟ್ಯೂಬ್ ಪಾಠಗಳಿದ್ದರೆ ಅವನ್ನು ರೂಮಿನಲ್ಲಿ, ದಿನದ ಒಂದೇ ಹೊತ್ತಿಗೆ ಕೂಡಿಸಿಕೊಳ್ಳಿ. ರೀಡಿಂಗ್ ರೂಮಿನ ಕುರ್ಚಿಗೂ ಯೂಟ್ಯೂಬಿಗೂ ನಂಟು ಬೇಡ. ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಂದು ಮಾತು. ಮೇಲೆ ಹೇಳಿದ ಹೈಟ್‌ಮಾಯರ್ 2025ರಲ್ಲಿ 22 ಜನರ ಫೋನನ್ನು ಒಂದೂವರೆ ಮೀಟರ್ ದೂರ ಇಡಿಸಿ ನೋಡಿದರು. ಫೋನು ನೋಡುವುದು ಕಡಿಮೆಯಾಯಿತು, ಆದರೆ ಆ ಹೊತ್ತು ಕೆಲಸಕ್ಕೆ ಬರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಅದೇ ಅಲೆದಾಟಕ್ಕೆ ಹೋಯಿತು. ನಿಮ್ಮ ಓದಿನ ಮೇಜಿನ ಮೇಲೆ ಕಾಗದವಷ್ಟೇ ಇರಲಿ.

ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಮೂವರು ಸೇರಿ ಮಾಡಿದರೆ ಹಗುರ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಎಂಟೂವರೆಯವರೆಗೆ ಟಿವಿ, ಮೊಬೈಲು ಬಂದ್, ಮಕ್ಕಳು ಓದಲು ಕೂರುತ್ತಾರೆ. ಎಲ್ಲರ ಮನೆಯಲ್ಲೂ ಬಂದ್ ಎಂಬುದೇ ಅಲ್ಲಿನ ಬಲ. ನಿಮ್ಮ ರೂಮ್‌ಮೇಟನ್ನೂ ಎಣಿಕೆಯ ಚೀಟಿಗೆ ಕರೆದುಕೊಳ್ಳಿ. ಸಂಶೋಧನೆ ಸುಳ್ಳು ಎನ್ನುವ ಅವರಿಗೂ ತಮ್ಮ ಗೆರೆಗಳನ್ನು ನೋಡುವ ಕುತೂಹಲ ಇದ್ದೀತು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ನಿಮಗೆ ಅನ್ಯಾಯವಾಗುತ್ತದೆ. ಫೋನು ಹೊರಗೆ ಹೋದ ಮಾತ್ರಕ್ಕೆ ಪುಟ ನೆನಪಿರುತ್ತದೆ ಎಂದು ತಿಳಿಯಬೇಡಿ. ಓದುತ್ತ ಓದುತ್ತ ಹೋಗುವ ರೀತಿಯಲ್ಲೇ ಒಂದು ಕೊರತೆಯಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಎರಡನೆಯ ಸಲಕ್ಕೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ವಾರ ಬಿಟ್ಟು ಕೇಳಿದಾಗ ಎರಡು ಸಲ ಓದಿದವರಿಗೆ ಶೇ. 42 ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ. 56. ಆದ್ದರಿಂದ ಎರಡು ಪುಟಕ್ಕೊಮ್ಮೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದದ್ದನ್ನು ಬರೆಯಿರಿ. ಮೊದಲ ದಿನ ಮೂರೇ ಸಾಲು ಬಂದೀತು, ಬರಲಿ. ಅದೇ ಹಾಳೆಯ ಅಂಚಿನಲ್ಲಿ, ಓದುವಾಗ ನುಗ್ಗಿ ಬರುವ ಬೇರೆ ಯೋಚನೆಗಳನ್ನೂ ಬರೆದಿಡಿ: ‘ಅರ್ಜಿ ಫೀಸು ಕಟ್ಟಬೇಕು’, ‘ಮ್ಯಾಚ್ ಏನಾಯಿತು’. ಬರೆದಿಟ್ಟರೆ ಅದನ್ನು ಪಾಟಿಯ ಮೇಲೆ ಹಿಡಿದಿಡುವ ಕೆಲಸ ತಪ್ಪುತ್ತದೆ. ಸಂಜೆ ರೂಮಿಗೆ ಹೋಗಿ ಫೋನು ತೆಗೆದಾಗ ಆ ಅಂಚಿನ ಪಟ್ಟಿಯನ್ನು ನೋಡಿಕೊಂಡು ಒಂದೊಂದಾಗಿ ಮುಗಿಸಿ. ಎಂಟು ಗಂಟೆಯ ಹಟವನ್ನೂ ಬಿಡಿ. ಹೀಗೆ ಐದು ಗಂಟೆ ಓದಿದರೆ ಈಗಿನ ಎಂಟಕ್ಕಿಂತ ಹೆಚ್ಚು ಉಳಿಯುತ್ತದೆ ಎಂಬುದು ನನ್ನ ಅನುಭವ.

ಮೂರು ನಾಲ್ಕು ವಾರ ಹೀಗೆ ಮಾಡಿಯೂ ಮನಸ್ಸು ನಿಲ್ಲದಿದ್ದರೆ, ನಿದ್ರೆ ಕೆಟ್ಟಿದ್ದರೆ, ಯಾವುದರಲ್ಲೂ ಆಸೆಯಿಲ್ಲ ಎನಿಸುತ್ತಿದ್ದರೆ ಅದನ್ನು ಫೋನಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಎರಡು ವರ್ಷದ ಪರೀಕ್ಷೆಯ ಒತ್ತಡ ಸಣ್ಣದಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹೋಗಿ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಫೋನಿನ ಬಳಕೆಯೇ ಕೈಮೀರಿದೆ ಎನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ಕೇ ಇದೆ. ನಿಮ್ಮ ಪತ್ರ ನೋಡಿದರೆ ನೀವು ಅಲ್ಲಿಗೆ ಹೋಗಬೇಕಾದ ಸ್ಥಿತಿಯಲ್ಲಿಲ್ಲ.

ಅವ್ವನಿಗೆ ಇವತ್ತೇ ತಿಳಿಸಿ: ನಂಬರು ಅದೇ, ರಾತ್ರಿ ಒಂಬತ್ತಕ್ಕೆ ನಾನೇ ಮಾಡುತ್ತೇನೆ, ಅವಸರವಿದ್ದರೆ ಯಾವಾಗ ಬೇಕಾದರೂ ಮಾಡು ಎಂದು. ಮೊದಲ ವಾರ ಅವರು ಎಂಟಕ್ಕೇ ಮಾಡಿಯಾರು. ಕೀಪ್ಯಾಡ್ ಫೋನು ರಿಂಗಾದರೆ ಹೊರಗೆ ಹೋಗಿ ಎತ್ತಿಕೊಂಡು ಮಾತಾಡಿ. ಅವ್ವನ ಜೊತೆಗಿನ ಹತ್ತು ನಿಮಿಷದ ಮಾತು ನಿಮ್ಮ ಓದನ್ನು ಕೆಡಿಸುವುದಿಲ್ಲ.